ಮುಟ್ಟುವ ಮೊದಲೇ ಸತ್ತ ಮಹಾರಾಜ

ಅಕ್ಕಾ, ಬಗ್ಗಿ ನಿನ್ನ ಕಾಲು ಮುಟ್ಟುವಷ್ಟು ಸೊಂಟ ಸಡಿಲವಾಗಿದೆ ನಿನ್ನ ತಮ್ಮನಿಗೆ! ನೀನು ಹೆದರಿ ಹಿಂದೆ ಸರಿದ ಈ ಬೆನ್ನೆಲುಬಿನ ನೆಟಿಗೆ ತೆಗೆಯುವ ಕೈರೋಪ್ರಾಕ್ಟಿಕ್ ಚಿಕಿತ್ಸೆಗೆ ಮೊದಲ ಬಲಿ ನಾನೇ ಆಗುತ್ತೇನೆಂದು ಬಂದೆನಲ್ಲ, ಕೇಳು ಕಥೆ.

ಬಿಳಿ ಗೋಡೆಯ ಕೋಣೆ, ನಡುವೆ ಮುಖ ಇಡಲು ತೂತಿರುವ ಎತ್ತರದ ಮಂಚ. ವೈದ್ಯೆ ನನ್ನನ್ನು ನಿಲ್ಲಿಸಿ, ನಡೆಸಿ, ನಿದ್ದೆ, ಕೆಲಸ ಎಲ್ಲ ವಿಚಾರಿಸಿ ಬೋರಲು ಮಲಗಿಸಿದರು. ಅವರು ಅಂಗೈ ಉಜ್ಜಿಕೊಂಡ ಸದ್ದು ಕೇಳಿತೋ ಇಲ್ಲವೋ, ನಾಟಕದಲ್ಲಿ ರಾಜನ ಪಾತ್ರ ಮಾಡಿ ಮಡಿಯುವಾಗ ನಾನು ಹಾಕುವ ಆರ್ತನಾದವನ್ನೇ ಮೊಳಗಿಸಿದೆ! ಹೊರಗೆ ಕಾಯುತ್ತಿದ್ದ ಇಬ್ಬರು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟರು.

"ಯಜಮಾನ್ರೇ, ನಾನಿನ್ನೂ ಮುಟ್ಟೇ ಇಲ್ಲ!"

"ಮುಟ್ಟಿದ ಮೇಲೆ ದನಿ ಬರುತ್ತೋ ಇಲ್ವೋ ಅಂತ ಮೊದಲೇ ಸತ್ತೆ ತಾಯಿ!"

ಆಮೇಲೆ ಬಂತು 'ಲಟಕ್'. ಬೆರಳಿನ ನೆಟಿಗೆ ತೆಗೆದಷ್ಟೇ ಅಕ್ಕಾ. ಮರುದಿನ ಮೈಕೈ ಸ್ವಲ್ಪ ನೊಂದಿತು, ಸಂಜೆಗೆ ಇಳಿಯಿತು. ರಂಗದ ಮೇಲೆ ಎದೆಯುಬ್ಬಿಸಿ ನಿಲ್ಲುವ ಗತ್ತನ್ನು ಮನೆಗೆ ತರಬೇಡಿ ಎಂದಿದ್ದಾರೆ.

ಮುಖ್ಯ ಮಾತು: ನಿನ್ನ ಮೂಳೆ ಸವೆದಿರುವ ಸಂಗತಿ ಹೇಳಿದೆ. "ಹಾಗಿದ್ರೆ ನೆಟಿಗೆ ತೆಗೆಯೋದೇ ಇಲ್ಲ. ಅವರ ಡಾಕ್ಟರು ಸರಿ ಅಂದ್ರೆ ಮೆತ್ತಗೆ ನೀವ್ತೀನಿ ಅಷ್ಟೆ. ಸಾಕು ಅಂದ್ರೆ ಅಲ್ಲಿಗೇ ನಿಲ್ಲಿಸ್ತೀನಿ" ಎಂದರು.

ಎಕ್ಸ್‌ರೇ ಮರೆಯಬೇಡ. ಸಡಿಲ ಬಟ್ಟೆ ತೊಟ್ಟು, ಹೊಟ್ಟೆ ಬಿರಿಯ ಉಣ್ಣದೆ ಬಾ. ಈ ಅಂಚೆ ಕಾರ್ಡಿನಲ್ಲಿ ಬರೆಯಲು ಜಾಗ ಮುಗಿಯುತ್ತಿದೆ. ಮಂಚದ ಪಕ್ಕ ನನಗೊಂದು ಸ್ಟೂಲು ಕೇಳಿಟ್ಟಿದ್ದೇನೆ. ನಿನ್ನ ಕೈ ಹಿಡಿದು ಕೂತಿರುತ್ತೇನೆ. ಬಾಯಿ ಮುಚ್ಚಿಕೊಂಡು, ನಿನ್ನಾಣೆ!

ನಿನ್ನ ತಮ್ಮ