ಹನ್ನೆರಡು ಸೂತ್ರಗಳ ಬದಲಿಗೆ ಒಂದು ಗುರಿ

ಕೊಳ್ಳೇಗಾಲ
12-1-1955

ಪ್ರೀತಿಯ ಅಪ್ಪಾಜಿಗೆ ಗುರುಬಸಮ್ಮನ ಶರಣಾರ್ಥಿಗಳು.

ಮೊಣಕಾಲು ನೋವು ಹೇಗಿದೆ? ಬಿಳಿಗಿರಿರಂಗನ ಬೆಟ್ಟದ ಚಳಿಯಲ್ಲಿ ಕಾಫಿ ತೋಟ ಸುತ್ತುವವರು ನೀವು, ಕಂಬಳಿ ಮರೆಯಬೇಡಿ. ಅವ್ವ ಚೆನ್ನಾಗಿದ್ದಾಳೆ. ನೀವು ಕಳಿಸಿದ ಜೇನನ್ನು ನನಗೆ ಮುಟ್ಟಲೂ ಬಿಡುತ್ತಿಲ್ಲ!

ಅಪ್ಪಾಜಿ, ನಾನು ಗೆದ್ದೆ. ಬೆಳೆ ಅಂದಾಜು ಮಾಡುವ ಹದಿನೆಂಟು ಜನ ಕರಣಿಕರಿಗೆ ಆರು ವಾರ ಸಂಖ್ಯಾಶಾಸ್ತ್ರದ ಮೊದಲ ಪಾಠ ಹೇಳಲು ನನ್ನನ್ನು ಕರೆದಿದ್ದರಲ್ಲ, ಅಧಿಕಾರಿಗಳು ಕೊಟ್ಟ ಪಟ್ಟಿಯಲ್ಲಿ ಹನ್ನೆರಡು ಸೂತ್ರಗಳಿದ್ದವು. ಎಲ್ಲರೂ ಬಾಯಿಪಾಠ ಒಪ್ಪಿಸಬೇಕು, ಅಷ್ಟೇ ಗುರಿ. ಮೊದಲ ವಾರ ಒಪ್ಪಿಸಿದರು. ಆದರೆ ಅವರವರ ಊರಲ್ಲಿ ರಾಗಿ ಎಷ್ಟಾದೀತು ಎಂದು ಕೇಳಿದರೆ ಒಬ್ಬರಿಗೂ ಸೂತ್ರದ ನೆನಪಾಗಲಿಲ್ಲ. ಮನೆಗೆ ಬಂದು ಅತ್ತುಬಿಟ್ಟೆ. ಮರುದಿನ ಪಟ್ಟಿ ಮಡಿಸಿಟ್ಟು ಹಲಗೆಯ ಮೇಲೆ ಒಂದೇ ಗುರಿ ಬರೆದೆ: ಚೀಟಿ ಎತ್ತಿದಾಗ ಬಂದ ಕೆಲವೇ ಹೊಲಗಳನ್ನು ಅಳೆದು ಊರಿನ ಬೆಳೆ ಇಷ್ಟು, ನಮ್ಮ ಅಂದಾಜು ಇಷ್ಟು ತಪ್ಪಿರಬಹುದು ಎಂದು ಹೇಳಲು ಬರಬೇಕು. ಅಧಿಕಾರಿಗಳು ಸಿಟ್ಟಾದರು. ಫಲ ಕಾಣದಿದ್ದರೆ ನನ್ನ ಕೆಲಸವೇ ಇರುವುದಿಲ್ಲ ಎಂದರು.

ನಲವತ್ತು ವರ್ಷದಿಂದ ಕಣ್ಣಳತೆಯಲ್ಲೇ ಬೆಳೆ ಹೇಳಿಕೊಂಡು ಬಂದ, ಆ ಹದಿನೆಂಟು ಜನರಲ್ಲೇ ಹಿರಿಯರಾದ ದೊಡ್ಡಸಿದ್ದಯ್ಯನವರೂ ಒಪ್ಪಲಿಲ್ಲ. "ಒಳ್ಳೆ ಒಲ ಕಣ್ಮುಂದೆ ಇರುವಾಗ ಚೀಟಿ ಯಾಕವ್ವ?" ಎಂದರು. ನಾನು ವಾದಕ್ಕಿಳಿಯದೆ ಎಲ್ಲರನ್ನೂ ಮುಳ್ಳೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಒಂದೊಂದು ಎಕರೆಯ ಇಪ್ಪತ್ತು ರಾಗಿ ಹೊಲ. ದೊಡ್ಡಸಿದ್ದಯ್ಯನವರು ಐದನ್ನು ನೋಡಿ ಆರಿಸಿದರು, ಉಳಿದವರು ಮಡಕೆಯಿಂದ ಐದು ಚೀಟಿ ಎತ್ತಿ ಆ ಹೊಲಗಳನ್ನು ಅಳೆದರು. ಅವರ ಅಂದಾಜು ಎಕರೆಗೆ ಎಂಟು ಪಲ್ಲ ರಾಗಿ. ಚೀಟಿಯವರದು ಐದೂವರೆ, ಅರ್ಧ ಪಲ್ಲ ಆಚೀಚೆ. ನಿನ್ನೆ ಇಪ್ಪತ್ತೂ ಹೊಲದ ಒಕ್ಕಣೆ ಮುಗಿಯಿತು. ಅಧಿಕಾರಿಗಳ ಎದುರಿಗೇ ಅಳೆದೆವು. ಸರಾಸರಿ ಐದೂ ಮುಕ್ಕಾಲು!

ನಾನು ಬಾಯಿ ತೆರೆಯುವ ಮೊದಲೇ ದೊಡ್ಡಸಿದ್ದಯ್ಯನವರು ಕಣದ ನಡುವೆ ಎದ್ದು ನಿಂತರು. "ಸಾ, ನಾನು ರಸ್ತೆ ಪಕ್ಕದ ಒಳ್ಳೆ ಒಲ್ಗಳ್ನೇ ನೋಡ್ದೆ. ಇಷ್ಟು ವರ್ಸವೂ ಅದ್ನೇ ಮಾಡ್ಕಂಡು ಬಂದಿವ್ನಿ. ಚೀಟಿಗೆ ಒಳ್ಳೇದು ಕೆಟ್ಟದ್ದು ಗೊತ್ತಿಲ್ಲ, ಅದ್ಕೇ ನಿಜ ಏಳ್ತದೆ" ಎಂದರು. ಯಾವ ಸೂತ್ರವೂ ಇಷ್ಟು ಚೆನ್ನಾಗಿ ಹೇಳಲಾರದು, ಅಪ್ಪಾಜಿ. ಅಧಿಕಾರಿಗಳು ಅಲ್ಲೇ ಕಾಗದ ತೆಗೆದು, ಇನ್ನು ಮುಂದೆ ಎಲ್ಲ ತರಗತಿಗೂ ಇದೇ ಗುರಿ ಎಂದು ಬರೆದು ರುಜು ಹಾಕಿದರು. ಗಾಡಿಯಲ್ಲಿ ವಾಪಸು ಬರುವಾಗ ದಾರಿಯುದ್ದಕ್ಕೂ ನಗುತ್ತಲೇ ಇದ್ದೆ.

ಅವ್ವ ನಿಮಗೆ ಹೊತ್ತಿಗೆ ಸರಿಯಾಗಿ ಊಟ ಮಾಡಲು ಹೇಳಿದ್ದಾಳೆ. ನಿಮ್ಮ ಆಶೀರ್ವಾದ ನನ್ನ ಮೇಲಿರಲಿ.

ನಿಮ್ಮ ಮಗಳು,
ಗುರುಬಸಮ್ಮ

ವಿ. ಸೂ.: ಟಪಾಲು ಹೊರಡುತ್ತಿದೆ, ಬೇಗ ಬರೆಯುತ್ತೇನೆ. ಈಗಷ್ಟೇ ಅಧಿಕಾರಿಗಳು ಹೇಳಿ ಕಳಿಸಿದರು: ನಮ್ಮ ಜಿಲ್ಲಾ ಕೇಂದ್ರ ಕೊಯಮತ್ತೂರಿನಲ್ಲಿ ಒಂದು ವರ್ಷ ನಾನೇ ಈ ಪಾಠ ಹೇಳಬೇಕಂತೆ, ಬರುವ ಸೋಮವಾರ ಹೊರಡಬೇಕು. ನಿಮ್ಮನ್ನು ಕೇಳದೆ ಒಪ್ಪಿಕೊಂಡಿದ್ದೇನೆ. ನನ್ನನ್ನು ಕೇಳಿ ಬಂದ ಯಳಂದೂರಿನ ಗಂಡಿನ ಮನೆಯವರಿಗೆ ಒಂದು ವರ್ಷ ಕಾಯಲು ಹೇಳಿ. ಕಾಯುವುದಿಲ್ಲ ಎಂದರೆ, ಅಪ್ಪಾಜಿ, ನಮಗೇ ಆ ಸಂಬಂಧ ಬೇಡ ಎಂದುಬಿಡಿ.