ಎಲೇನಾಗೆ ಉಡಿ ತುಂಬಿದ್ದು

ಇಳಕಲ್
೯ ನವೆಂಬರ್ ೨೦೨೫

ಪ್ರೀತಿಯ ಅವ್ವಾ,

ನಿನ್ನ ಮೊಣಕಾಲು ನೋವು ಹೇಗಿದೆ? ಕೆರೂರಿನಲ್ಲಿ ತಂಗಿ ಲಲಿತಾಳ ಬಾಣಂತನ ಅಂತ ಇಡೀ ದಿನ ಒಲೆಯ ಮುಂದೆ ಕೂರಬೇಡ. ಇಷ್ಟು ವರ್ಷಕ್ಕೆ ಬಂದ ಕೂಸು, ಚೆನ್ನಾಗಿ ಹಾಲು ಕುಡಿಯುತ್ತದೆಯೇ? ತೊಟ್ಟಿಲ ಕಾರ್ಯಕ್ಕೆ ಬಾ, ಲಲಿತಾಗೆ ಉಡಿ ತುಂಬುವಾಗ ಮಾತ್ರ ಅಡುಗೆಮನೆಯಲ್ಲಿರು ಎಂದು ನೀನು ಫೋನಿನಲ್ಲಿ ಅಂದಾಗ ನಾನು ಹೂಂ ಅಂದೆ. ನಮ್ಮ ಮನೆಯವರು ತೀರಿಕೊಂಡಾಗಿನಿಂದ ಎಲ್ಲರ ಕಾರ್ಯದಲ್ಲೂ ಹೂಂ ಅಂದಿದ್ದೇನೆ.

ನಮ್ಮ ಮಗ್ಗ ನೋಡಲು ಮೆಕ್ಸಿಕೋದಿಂದ ಬಂದಿದ್ದ ನೇಕಾರಳು ಎಲೇನಾ ನಿನ್ನೆ ಹೊರಟಳು. ಸೀರೆಯ ಒಡಲಿಗೆ ಸೆರಗಿನ ಎಳೆ ಕೂಡಿಸುವುದನ್ನು ಕಲಿತೇ ಹೋದಳು. ಆಕೆಗೆ ಇಂಗ್ಲಿಷ್ ಬಾರದು. ನೀನು ಕಲಿಸಿದ ಕಾನ್ವೆಂಟಿನ ಇಂಗ್ಲಿಷ್ ಯಾತಕ್ಕೂ ಬರಲಿಲ್ಲ ನೋಡು. ಅದಕ್ಕೇ ಆಕೆ ಬರುತ್ತಾಳೆಂದು ತಿಳಿದ ಬೇಸಿಗೆಯಿಂದಲೇ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯುತ್ತಿದ್ದೆ. 'ಫಾಲ್ದಾ' ಅಂದರೆ ಲಂಗ ಎಂದಷ್ಟೇ ಗೊತ್ತಿತ್ತು. ಬಾದಾಮಿಯಲ್ಲಿ ಆಕೆ ಗುಡ್ಡದ ಬುಡ ತೋರಿಸಿ ಫಾಲ್ದಾ ಅಂದಳು. ಗುಡ್ಡಕ್ಕೆಲ್ಲಿಯ ಲಂಗ ಎಂದು ನಕ್ಕೆ. ಮರುದಿನ ಪಕ್ಕದ ಮನೆಯ ಬೋರವ್ವಜ್ಜಿಯ ಮೊಮ್ಮಗಳು ಎಲೇನಾಳ ತೊಡೆಯ ಮೇಲೆ ಬಂದು ಕೂತಾಗ ಆಕೆ ತನ್ನ ಮಡಿಲು ತಟ್ಟಿ ಮತ್ತೆ ಅದೇ ಮಾತು ಅಂದಳು. ಲಂಗ, ಗುಡ್ಡದ ಬುಡ, ಮಡಿಲು, ಮೂರಕ್ಕೂ ಒಂದೇ ಶಬ್ದ! ಈ ವಯಸ್ಸಿನಲ್ಲೂ ತಲೆಗೆ ಹತ್ತಿತಲ್ಲ ಎಂದು ಹಿಗ್ಗಿದೆ, ಸುಳ್ಳೇಕೆ ಹೇಳಲಿ.

ಹೊರಡುವ ಹೊತ್ತಿಗೆ ಬೋರವ್ವಜ್ಜಿ ಆಕೆಗೆ ಉಡಿ ತುಂಬಲು ಅಕ್ಕಿ, ಕೊಬ್ಬರಿ ಬಟ್ಟಲು, ರವಿಕೆಗೆಂದು ಕುಬಸದ ಕಣ ತಂದಳು. "ಈಕಿ ಗಂಡ ಏನ್ ಮಾಡ್ತಾನ?" ಎಂದು ಕೇಳಿದಳು. ತೀರಿಕೊಂಡಿದ್ದಾನೆ ಎಂದೆ. ಅಜ್ಜಿ ತಟ್ಟೆ ಕೆಳಗಿಟ್ಟಳು. "ಯವ್ವಾ, ಮೊದಲ ಹೇಳಬಾರದೇನ? ಹಂಗಾರ ಹೆಂಗ ತುಂಬೂದು?"

"ಗಂಡ ಇಲ್ಲಂದ್ರ ಉಡಿನೂ ಇಲ್ಲೇನ ಅಜ್ಜಿ?" ಅಂದೆ. ಎಲೇನಾಗಾಗಿ ಅಂದೆನೋ, ನನಗಾಗಿಯೋ, ಇನ್ನೂ ತಿಳಿದಿಲ್ಲ. ಅಜ್ಜಿ ನನ್ನನ್ನೇ ನೋಡಿದಳು. "ಭಾಳ ಶಾಣ್ಯಾಕಿ ಅದಿ. ಹಂಗಾರ ನೀನ ತುಂಬು," ಎಂದು ತಟ್ಟೆಯನ್ನು ನನ್ನ ಕಡೆ ಸರಿಸಿದಳು.

ಎಲೇನಾ ಪ್ಯಾಂಟು ಹಾಕಿದ್ದಳು, ಒಡ್ಡಲು ಸೆರಗೆಲ್ಲಿ? ನಾನು "ಫಾಲ್ದಾ" ಅಂದೆ. ಆಕೆ ತಟ್ಟನೆ ಕೂತು, ಹೆಗಲ ಶಾಲು ತೆಗೆದು ಮಡಿಲಲ್ಲಿ ಹಾಸಿದಳು. ಬೊಗಸೆ ತುಂಬ ಅಕ್ಕಿ ಹಾಕಿದೆ. ಮೇಲೆ ಕಣ ಇಟ್ಟೆ ಅವ್ವಾ. ಮುಖ ತಿರುಗಿಸಿ ನಿಂತಿದ್ದ ಅಜ್ಜಿಯೇ ಕೊನೆಗೆ, "ಕೊಬ್ಬರಿ ಮರೀಬ್ಯಾಡ," ಅಂದಳು.

ಲಲಿತಾಗೆ ಕೇಳಿದೆನೆಂದು ಹೇಳು. ಕೂಸಿನ ಅಂಗಾಲಿಗೆ ನನ್ನದೊಂದು ಮುತ್ತು. ನಿನ್ನ ಕಾಲಿಗೆ ಬೀಳುತ್ತೇನೆ.

ನಿನ್ನ ಮಗಳು
ರಾಜಶ್ರೀ

ತಾ.ಕ.: ತೊಟ್ಟಿಲ ದಿನ ಬೆಳಿಗ್ಗೆಯೇ ಬರುತ್ತೇನೆ. ಅಡುಗೆಮನೆಗೆ ಹೋಗುವುದಿಲ್ಲ. ಲಲಿತಾಳ ಉಡಿಗೆ ಮೊದಲ ಬೊಗಸೆ ನಿನ್ನದು, ಆಮೇಲೆ ನನ್ನದು. ಬೇಡ ಅನ್ನುವುದಾದರೆ ಫೋನು ಮಾಡಬೇಡ, ಅಲ್ಲಿಯೇ ನನ್ನ ಮುಖ ನೋಡಿ ಹೇಳು.