ಗಂಟಲಿಗೆ ಹಾಕಿದ ಬೆರಳು

ಹಿಂದೂಪುರ, 23-3-1994, ಬುಧವಾರ

ನಾನು ಸರಿಯಾಗಿ ಕೇಳಿದ್ನಾ, ಇಲ್ವಾ? ಬೆಳಗಿಂದ ಅದೇ ಕೊರೀತಿದೆ.

ಕಲ್ಯಾಣದುರ್ಗದಿಂದ ಹುಣಸೆಹಣ್ಣಿನ ಲೋಡಿನ ಜೊತೆ ಬಂದಿದ್ದ ಪೋತಪ್ಪನಿಗೆ ಇಲ್ಲಿನ ಮಾರ್ಕೆಟ್ ಮಂಡಿಯಲ್ಲೇ ಎದೆನೋವು ಬಂತು, ಜೊತೆಗಿದ್ದ ಹೆಂಡತಿ ನಮ್ಮ ಆಸ್ಪತ್ರೆಗೆ ಕರ್ಕೊಂಡು ಬಂದ್ಲು. ಹಾರ್ಟ್ ಅಟ್ಯಾಕ್. ರಕ್ತದ ಗಡ್ಡೆ ಕರಗಿಸೋ ಔಷಧಿ ಕೊಡಬೇಕು, ಎಲ್ಲಾದ್ರೂ ಗಾಯ ಇದ್ರೆ ರಕ್ತ ನಿಲ್ಲಲ್ಲ, ಮೊದಲು ಎಲ್ಲಾ ಕೇಳಿಬಿಡಿ ಸಿಸ್ಟರ್ ಅಂದ್ರು ಡಾಕ್ಟರು. ಅವನ ಹೆಂಡತಿ ಗಂಗುಲಮ್ಮನನ್ನ ಕೇಳಿದೆ, ತೆಲುಗಲ್ಲೂ ಕೇಳಿದೆ. ಆಪರೇಷನ್ ಆಗಿದ್ಯಾ, ಪೆಟ್ಟು ಬಿದ್ದಿದ್ಯಾ, ಎಲ್ಲಾದ್ರೂ ಗಾಯ? "ಏನೂ ಇಲ್ಲ ಕಣಮ್ಮ" ಅಂದ್ಲು. ಡ್ರಿಪ್ ಹಾಕಿದ್ವಿ.

ಮುಕ್ಕಾಲು ಗಂಟೆಗೆ ನೋವು ಇಳೀತು, ಆದ್ರೆ ದನಿ ಕಟ್ಟಿತು. ಗಂಟಲೊಳಗೆ ರಕ್ತ ತುಂಬಿ ನಾಲಿಗೆ ಬುಡ ಕಪ್ಪಗೆ ಊದಿಕೊಂಡಿತ್ತು. ಉಸಿರು ಸೀಟಿ ಊದಿದ ಹಾಗೆ. ಔಷಧಿ ನಿಲ್ಲಿಸಿ, ಡಾಕ್ಟರು ಹೇಗೋ ಉಸಿರಾಡೋಕೆ ಟ್ಯೂಬ್ ಇಳಿಸಿ ಬೆಂಗಳೂರಿಗೆ ಕಳಿಸಿದ್ರು.

ವ್ಯಾನ್ ಹತ್ತೋವಾಗ ಗಂಗುಲಮ್ಮ ನನ್ನ ಕೈ ಹಿಡ್ಕೊಂಡ್ಲು. "ಗ್ಯಾಸು ಅನ್ಕಂಡು ಉಪ್ಪುನೀರು ಕುಡ್ಸಿ, ಗಂಟ್ಲಿಗೆ ಬೆರಳಾಕಿ ಕಕ್ಕಿಸ್ಬುಟ್ಟಿದ್ದೆ. ಅದ್ನೂ ಹೇಳ್ಬೇಕಿತ್ತೇನಮ್ಮ?"

ಅವಳ ಉಗುರೇ ಕಾಣಿಸ್ತಿತ್ತು.

ಗೀರು ಬೀಳದೇನೂ ಈ ಔಷಧಿಗೆ ಹೀಗಾಗುತ್ತೆ, ತೀರಾ ಅಪರೂಪಕ್ಕೆ, ಅಂತಾರೆ ಡಾಕ್ಟರು. ಮತ್ತೆ ಇದು ಉಗುರಿಂದ ಆಯ್ತೋ, ಔಷಧಿಯಿಂದಲೇ ಆಯ್ತೋ? ಅವಳಂತೂ ಸುಳ್ಳು ಹೇಳಿರಲಿಲ್ಲ.

ಊಟಕ್ಕೆ ಕೂತಾಗ ನೆನಪಾಯ್ತು. ಶಿವರಾತ್ರಿ ಉಪವಾಸ ಬಿಟ್ಟ ದಿನ ಅಮ್ಮ ಎದೆ ಉರಿ ಅಂದಾಗ ನಾನೂ ಬೆರಳು ಹಾಕಿ ಕಕ್ಕಿಸಿದ್ದೆ. ಅವತ್ತು ಯಾರಾದ್ರೂ ನನ್ನನ್ನ, ಎಲ್ಲಾದ್ರೂ ಗಾಯ ಆಗಿದ್ಯಾ ಅಂತ ಕೇಳಿದ್ದಿದ್ರೆ, ನಾನೂ ಏನೂ ಇಲ್ಲ ಅಂತಲೇ ಹೇಳ್ತಿದ್ದೆ.